ತಂಟೆಬಯಲಿನ ಹುಲ್ಲಿಗೆ ಬೇಥಿಯಾ ಜಾರಿಸಿದ ಕಲ್ಲು

ಟಾರ್ವನಾಕ್ ಎಸ್ಟೇಟಿನಲ್ಲಿ ಕೋಳಿ ನೋಡಿಕೊಳ್ಳುತ್ತಿದ್ದ ಬೇಥಿಯಾ ಮಚ್ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲವೂ ದೊಡ್ಡಮನೆಯ ಹೊಗೆ ಕಾಣುವಷ್ಟು ದೂರದಲ್ಲೇ. ಆದರೂ ಆ ಮನೆಯ ಮುಂಬಾಗಿಲಿನ ಮೆಟ್ಟಿಲನ್ನು ಅವಳು ಮೊದಲ ಸಲ ಹತ್ತಿದ್ದು ಎರಡು ಮಕ್ಕಳ ತಾಯಿಯಾದ ಮೇಲೆ. ಯಾರೂ ಅವಳನ್ನು ಒಳಗೆ ಕರೆದಿರಲಿಲ್ಲ. ಹೊಸ್ತಿಲ ಮೇಲೆ ಬಿದ್ದಿದ್ದ ಒಂದು ಪೊರಕೆಯನ್ನು ಎತ್ತಿಕೊಳ್ಳಲು ಹತ್ತಿದಳು, ಅಷ್ಟೆ. ಆ ಪೊರಕೆ ಎತ್ತಿದ್ದರಿಂದ ಏನೇನಾಯಿತು ಎಂಬುದನ್ನು ಟಾರ್ವನಾಕ್ ಕಡೆಯವರು ಈಗಲೂ ಕುಳಿತು ಹೇಳಲಾರರು. ಎದ್ದು ನಿಂತು, ಕೈ ಬೀಸಿಯೇ ಹೇಳಬೇಕು ಅವರಿಗೆ.

ದೊಡ್ಡಮನೆಯನ್ನು ಒಂದೇ ಸಲಕ್ಕೆ ಕಟ್ಟಿದ್ದಲ್ಲ. ನಡುವಿನ ಚೌಕ ಗೋಪುರ ದನಗಳ್ಳರ ಕಾಲದ್ದು. ಅದರ ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಕೆಲಸದ ಹುಡುಗಿಯೊಬ್ಬಳು ಕಾಲು ಚಾಚಿ ಮಲಗಬಹುದು. ಎಡಬಲದ ಕಟ್ಟಡಗಳು ಎಷ್ಟೋ ಕಾಲದ ಮೇಲೆ ಎದ್ದವು, ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರನ್ನು ದುಡಿಸಿ ತಂದ ಹಣದಿಂದ. ಆಮೇಲೆ ಬಂದ ದೊರೆಗೆ ಊಟದ ಕೋಣೆಯಲ್ಲಿ ಕುಳಿತರೆ ಹೊಳೆ ಕಾಣಬೇಕೆಂಬ ಆಸೆ. ನಡುವೆ ಊರಿನ ಹುಲ್ಲುಮಾಡುಗಳು ಅಡ್ಡ ಬರುತ್ತಿದ್ದವು. ಅವನು ಊರನ್ನೇ ಕೀಳಿಸಿ ಗುಡ್ಡದ ಆಚೆ ಇಡಿಸಿದ! ಹಾಗಾಗಿ ಬೇಥಿಯಾಳ ಮುತ್ತಜ್ಜಿಯ ಒಲೆ ಈಗಲೂ ದೊಡ್ಡಮನೆಯ ಹುಲ್ಲುಹಾಸಿನ ಅಡಿಯಲ್ಲಿ ಎಲ್ಲೋ ಇದೆ. "ನಮ್ಮಜ್ಜಿ ಒಲೆ ಮೇಲೆ ಕುರ್ಚಿ ಹಾಕ್ಕೊಂಡು ಟೀ ಕುಡೀತಾ ಇದಾರೆ, ನೋಡು" ಎಂದು ಅವಳ ತಾಯಿ ಬಟ್ಟೆ ಹಿಂಡುತ್ತ ನಗುತ್ತಿದ್ದಳು.

ಹೊಳೆಯ ಆಚೆಗೆ ಕಾರಿನ್‌ಡೇಲ್ ಎಂಬ ಇನ್ನೊಂದು ಎಸ್ಟೇಟು, ಅದಕ್ಕೂ ಒಬ್ಬ ದೊರೆ. ಎರಡರ ನಡುವೆ ಹೊಳೆ ಎರಡಾಗಿ ಒಡೆದು ಮತ್ತೆ ಕೂಡುವ ಜಾಗದಲ್ಲಿ ಒಂದು ಬಯಲಿದೆ. ಸುತ್ತಲಿನ ಗುಡ್ಡಗಳಲ್ಲೆಲ್ಲ ಜೊಂಡು, ಕಲ್ಲು, ಹೀದರ್ ಪೊದೆ. ಈ ಬಯಲಿನಲ್ಲಿ ಮಾತ್ರ ಮೊಣಕಾಲುದ್ದದ ರಸಭರಿತ ಹುಲ್ಲು. ಅದು ಯಾರದು? ಇದೇ ಪ್ರಶ್ನೆಗೆ ಎರಡು ಮನೆಗಳೂ ತಲೆಮಾರುಗಟ್ಟಲೆ ಕತ್ತಿ ಹಿಡಿದವು. ಒಬ್ಬನನ್ನು ಸೇಬಿನ ಮರಕ್ಕೆ ನೇಣು ಹಾಕಿದ್ದೂ ಆಯಿತು. ಕತ್ತಿಯ ಕಾಲ ಮುಗಿದ ಮೇಲೆ ಎಡಿನ್‌ಬರೋದ ವಕೀಲರ ಕಾಲ ಬಂತು. ವಕೀಲರು ಕೊಬ್ಬಿದರು, ಬಯಲು ಮಾತ್ರ ಯಾರದ್ದೂ ಆಗಲಿಲ್ಲ. ಜನ ಅದಕ್ಕೆ ತಂಟೆಬಯಲು ಎಂದೇ ಹೆಸರಿಟ್ಟರು. ಕೊನೆಗೆ ಹೊಳೆಯೂ ಕಲ್ಲಾಗುವಂಥ ಒಂದು ಚಳಿಗಾಲದಲ್ಲಿ ಇಬ್ಬರು ದೊರೆಗಳೂ ಸೋತು ಸುಣ್ಣವಾಗಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಗುರಿ ಮುಟ್ಟಿಸುವ ಕರ್ಲಿಂಗ್ ಆಡಿ ತೀರ್ಮಾನ ಮಾಡಿಕೊಂಡರು. ಗೆದ್ದ ಎಸ್ಟೇಟಿನ ಬಡವರ ಹಸುಗಳು ಆ ವರ್ಷ ಬಯಲಿನಲ್ಲಿ ಮೇಯಬೇಕು. ಮುಂದಿನ ಚಳಿಗಾಲ ಹೊಳೆಯ ಪಕ್ಕದ ಕೆರೆ ಹೆಪ್ಪುಗಟ್ಟಿದಾಗ ಮತ್ತೆ ಆಟ. ಅಂದಿನಿಂದ ಅದೇ ಪದ್ಧತಿ ನಡೆದುಕೊಂಡು ಬಂತು.

ಆಟಕ್ಕೆ ಮುಂಚೆ ಒಂದು ಕ್ರಮವಿದೆ. ಮಂಜುಗಡ್ಡೆ ಜನರ ಭಾರ ತಾಳುತ್ತದೆಂದು ಖಚಿತವಾದ ದಿನ, ಸೋತಿದ್ದವರು ಬಂದು ಗೆದ್ದವರ ದೊಡ್ಡಮನೆಯ ಹೊಸ್ತಿಲ ಮೇಲೆ, ಆಟದಲ್ಲಿ ಮಂಜುಗಡ್ಡೆ ಉಜ್ಜುವ ಒಂದು ಪೊರಕೆ ಇಡುತ್ತಾರೆ. ಹೊತ್ತು ಮುಳುಗುವುದರೊಳಗೆ ಮನೆಯ ಕಡೆಯವರು ಯಾರಾದರೂ ಅದನ್ನು ಎತ್ತಿಕೊಳ್ಳಬೇಕು. ಎತ್ತಿದರೆ ಮಾರನೆಯ ದಿನ ಆಟ, ಒಂದೊಂದು ಕಡೆಗೆ ನಾಲ್ವರು. ಎತ್ತದಿದ್ದರೆ ಆಡದೆಯೇ ಸೋತ ಹಾಗೆ, ಹುಲ್ಲು ಆಚೆಯವರಿಗೆ.

ಬೇಥಿಯಾ ಹನ್ನೆರಡನೆಯ ವಯಸ್ಸಿಗೆ ದೊಡ್ಡಮನೆಯ ಪಾತ್ರೆ ತೊಳೆಯುವ ಕೋಣೆಗೆ ಸೇರಿದಳು. ಮೊದಲ ದಿನ ಅವಳಿಗೆ ಕಲಿಸಿದ್ದು ಪಾತ್ರೆಯ ಪಾಠವಲ್ಲ. ದೊರೆಯ ಮನೆಯವರು ಎದುರು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು, ಕಣ್ಣು ಕೆಳಗಿರಬೇಕು, ಅವರು ದಾಟುವವರೆಗೆ ಅಲ್ಲಿ ಆಳೇ ಇಲ್ಲವೆನ್ನುವ ಹಾಗಿರಬೇಕು. ಅವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಓಣಿಯಲ್ಲಿ ಯಾರದೋ ಬೂಟಿನ ಸದ್ದು ಕೇಳಿದರೆ ಸಾಕು, ಬೆನ್ನು ತಾನಾಗಿಯೇ ಗೋಡೆ ಹುಡುಕುತ್ತಿತ್ತು.

ಆಮೇಲೆ ಬಟ್ಟೆಮನೆಗೆ ಹೋದಳು. ಅಲ್ಲಿನ ಹಿತ್ತಿಲಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟಿ ಒಂದು ಉದ್ದನೆಯ ಜಾರು ಏಳುತ್ತಿತ್ತು. ಹುಡುಗಿಯರು ತಣ್ಣಗಾದ ಇಸ್ತ್ರಿ ಪೆಟ್ಟಿಗೆಗಳನ್ನು ತಂದು ಅದರ ಮೇಲೆ ಜಾರಿಸಿ ತಮ್ಮದೇ ಕರ್ಲಿಂಗ್ ಆಡುತ್ತಿದ್ದರು. ಬೇಥಿಯಾಳ ಪೆಟ್ಟಿಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಎಸ್ಟೇಟಿನ ಕಮ್ಮಾರ ವಾಟ್ ಮಚ್ ಒಂದು ದಿನ ಬಾಣಲೆ ಕೊಡಲು ಬಂದವನು ಬೇಲಿಯ ಆಚೆ ನಿಂತು ಅದನ್ನು ನೋಡಿದ. ಬಾಣಲೆ ಕೈಯಲ್ಲಿಯೇ ಉಳಿಯಿತು. ಆ ವರ್ಷವೇ ಮದುವೆ. ವಾಟ್ ಟಾರ್ವನಾಕ್ ತಂಡದ ಮುಂದಾಳು. ಅಭ್ಯಾಸದ ಹೊತ್ತಿನಲ್ಲಿ ಅವಳನ್ನು ಮಂಜುಗಡ್ಡೆಯ ಮೇಲೆ ಕೊರೆದ ಗುರಿಯ ವೃತ್ತದಲ್ಲಿ ನಿಲ್ಲಿಸಿ, "ಎಲ್ಲಿಗೆ ಗುರಿ ಇಡ್ಲಿ, ನೀನೇ ಹೇಳೇ" ಎನ್ನುತ್ತಿದ್ದ. ಮದುವೆಯ ಮೇಲೆ ಬೇಥಿಯಾಳಿಗೆ ಎಸ್ಟೇಟಿನ ಕೋಳಿಗಳ ಉಸ್ತುವಾರಿ ಸಿಕ್ಕಿತು. ಕೋಳಿಮನೆಗೆ ಅಂಟಿಕೊಂಡ ಎರಡು ಕೋಣೆಯ ಗುಡಿಸಲು, ಸೊಟ್ಟ ಕೊಂಬಿನ ಕ್ರಮ್ಮಿ ಎಂಬ ಹಸು, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಹೆಣ್ಣುಮಕ್ಕಳು. ಇದು ಅವಳ ಸಂಸಾರ.

ಯುದ್ಧ ಬಂತು. ಚಿಕ್ಕ ದೊರೆ ಹೊರಟ. ಅವನ ಹಿಂದೆ ಕಾಡು ಕಾಯುವವರು, ತೋಟದವರು, ಉಳುವವರು, ಕುದುರೆ ಲಾಳ ಕಟ್ಟಲೆಂದು ವಾಟ್, ಎಲ್ಲರೂ ಫ್ರಾನ್ಸಿಗೆ ಹೊರಟರು. ದೊಡ್ಡಮನೆಯ ನೃತ್ಯದ ಹಜಾರಕ್ಕೆ ಗಾಯಗೊಂಡ ಸೈನಿಕರ ಮಂಚಗಳು ಬಂದವು. ಚಿಕ್ಕ ದೊರೆಯ ತಾಯಿ ಲೇಡಿ ಯೂಫೀಮಿಯಾ ರೇಷ್ಮೆ ಬಿಟ್ಟು ಬಿಳಿಯ ಏಪ್ರನ್ ಕಟ್ಟಿಕೊಂಡಳು. ಎರಡು ಚಳಿಗಾಲ ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲ, ಪೊರಕೆಯ ಪ್ರಶ್ನೆಯೇ ಏಳಲಿಲ್ಲ. ಹಿಂದೆ ಗೆದ್ದಿದ್ದ ಟಾರ್ವನಾಕ್ ಹಸುಗಳೇ ಬಯಲಿನಲ್ಲಿ ಮೇಯುತ್ತಿದ್ದವು. ಸಾವಿರದ ಒಂಬೈನೂರ ಹದಿನೇಳರ ಫೆಬ್ರವರಿಯಲ್ಲಿ ಮಾತ್ರ ಚಳಿ ಬಂದು ಕುಳಿತದ್ದು ಏಳಲೇ ಇಲ್ಲ. ಬಾವಿಯ ಹಗ್ಗ ಕೋಲಿನಂತಾಯಿತು. ಕೋಳಿಗಳ ಜುಟ್ಟು ಹೆಪ್ಪುಗಟ್ಟದಿರಲೆಂದು ಬೇಥಿಯಾ ಹಂದಿಕೊಬ್ಬು ಸವರಿದಳು. ಕೆರೆ ಹೆಪ್ಪುಗಟ್ಟುತ್ತ ರಾತ್ರಿಯೆಲ್ಲ ಬಂದೂಕಿನಂತೆ ಸದ್ದು ಮಾಡಿತು.

ಒಂದು ಮಧ್ಯಾಹ್ನ ಅವಳು ಮೊಟ್ಟೆಯ ಬುಟ್ಟಿ ಹಿಡಿದು ದೊಡ್ಡಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದಾಗ, ಮುಂಬಾಗಿಲಿನ ಕಲ್ಲುಸಿಂಹದ ಪಕ್ಕ ಒಬ್ಬ ಪೈಪು ಸೇದುತ್ತ ಕುಳಿತಿದ್ದ. ಕಾರಿನ್‌ಡೇಲಿನ ಹಿಟ್ಟಿನ ಗಿರಣಿಯ ಪೀಟರ್ ಗಾಲ್ಡ್, ಆಚೆ ತಂಡದ ಮುಂದಾಳು. ಅವನ ಹಿಂದೆ ಹೊಸ್ತಿಲ ಮೇಲೆ ಪೊರಕೆ.

"ಏನ್ ಪೀಟರ್, ಸಿಂಹದ ಪಕ್ಕ ಇನ್ನೊಂದು ಸಿಂಹ ಕೂತಿದ್ಯಲ್ಲ?"

"ಹೊತ್ತು ಮುಳುಗ್ಲಿ ಅಂತ ಕೂತಿದೀನಿ ತಾಯಿ. ಬೆಳಗ್ಗೆಯಿಂದ ಯಾರೂ ಈ ಕಡೆ ಸುಳಿದಿಲ್ಲ."

"ನಮ್ಮ ಗಂಡಸ್ರೆಲ್ಲ ಫ್ರಾನ್ಸಲ್ಲಿದಾರೆ ಅಂತ ಗೊತ್ತಿದ್ದೂ ಇಟ್ಯಾ ಇದನ್ನ?"

"ನಮ್ಮವ್ರೇನು ಮನೇಲಿ ಕಂಬಳಿ ಹೊದ್ದು ಮಲಗಿದಾರಾ? ಉಳಿದಿರೋದು ನಾನು, ಪಾದ್ರಿ, ಇಬ್ರು ಮುದುಕ್ರು. ಆದ್ರೂ ನಾಲ್ಕು ಆಯ್ತಲ್ಲ. ನಿಮ್ಮಲ್ಲಿ ನಾಲ್ಕು ಯಾರಿದಾರೆ? ಕೋಳಿಗಳಾ?"

"ಈ ಹುಲ್ಲು ಹೋದ್ರೆ ನಮ್ಮ ಹಸುಗಳನ್ನ ಮಾರಬೇಕಾಗತ್ತೆ ಪೀಟರ್. ಅಪ್ಪಂದಿರಿಲ್ಲದ ಮಕ್ಕಳು. ಗಂಜಿಗೆ ಹಾಲೂ ಇಲ್ದಂಗಾಗತ್ತೆ."

ಗಾಲ್ಡ್ ಪೈಪು ಬಾಯಿಂದ ತೆಗೆದ. "ನಮ್ಮ ಹಸುಗಳೂ ಹುಲ್ಲೇ ತಿನ್ನೋದು ಬೇಥಿ. ಮೂರು ವರ್ಷದಿಂದ ಜೊಂಡು ತಿಂದು ಅವುಗಳ ಪಕ್ಕೆಲುಬು ಎಣಿಸೋ ಹಾಗಾಗಿವೆ."

ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತು. ಸೂರ್ಯ ಗುಡ್ಡದ ನೆತ್ತಿಗೆ ಕುಳಿತಿದ್ದ. ಬೇಥಿಯಾ ಸೂರ್ಯನನ್ನು ನೋಡಿದಳು, ಪೊರಕೆಯನ್ನು ನೋಡಿದಳು. ಕ್ರಮ್ಮಿಯ ಕೊರಳಿಗೆ ಹಗ್ಗ ಕಟ್ಟಿ ಸಂತೆಗೆ ಹೊಡೆದುಕೊಂಡು ಹೋಗುವುದು, ಹಿಂದೆ ಎರಡು ಮಕ್ಕಳು ಅಳುತ್ತ ಓಡಿ ಬರುವುದು ಕಣ್ಣಿಗೆ ಕಟ್ಟಿತು. ಬುಟ್ಟಿಯನ್ನು ಸಿಂಹದ ಪಂಜದ ಬಳಿ ಇಟ್ಟಳು.  ಮೆಟ್ಟಿಲು ಹತ್ತಿದಳು, ಬಗ್ಗಿದಳು, ಎತ್ತಿದಳು!

ಅದೇ ಕ್ಷಣಕ್ಕೆ ಬಾಗಿಲು ತೆರೆಯಿತು. ಲೇಡಿ ಯೂಫೀಮಿಯಾ ನಿಂತಿದ್ದಳು, ಕೈಯಲ್ಲಿ ಬ್ಯಾಂಡೇಜಿನ ಸುರುಳಿ. ಬೇಥಿಯಾ ಪೊರಕೆ ಸಮೇತ ಕಂಬಕ್ಕೆ ಒತ್ತಿ ನಿಂತು ಕಣ್ಣು ಕೆಳಗೆ ಮಾಡಿದಳು.

"ಇದು ಲೆಕ್ಕಕ್ಕಿಲ್ಲ ದೊರೆಸಾನಿಯೋರೆ!" ಗಾಲ್ಡ್ ಎದ್ದು ನಿಂತ. "ಎತ್ತಿದ್ದು ಹೆಂಗ್ಸು."

"ಹಿರಿಯರ ಮಾತು ಏನಿದೆ, ಗಾಲ್ಡ್? ಟಾರ್ವನಾಕ್ ಹಿಟ್ಟು ತಿಂದ ನಾಲ್ಕು ಜೊತೆ ಕೈ ಅಂತ. ಗಡ್ಡದ ಮಾತು ಎಲ್ಲಾದ್ರೂ ಬಂದಿದ್ಯಾ?"

ಗಾಲ್ಡ್ ತನ್ನ ಗಡ್ಡ ಕೆರೆದುಕೊಂಡ. ದೊರೆಸಾನಿ ಬೇಥಿಯಾಳ ಕಡೆ ತಿರುಗಿದಳು. "ನಿನ್ನ ಜೊತೆ ಇನ್ಯಾರು ಆಡ್ತಾರೆ?"

"ಅಡುಗೆಮನೆ ಗ್ರಿಜೆಲ್ ಆಡ್ತಾಳೆ ದೊರೆಸಾನಿಯೋರೆ. ಬಟ್ಟೆಮನೆ ಇಶ್‌ಬೆಲ್ಲೂ ಗಟ್ಟಿ. ಇಸ್ತ್ರಿ ಪೆಟ್ಟಿಗೇಲಿ ಆಡಿ ಆಡಿ…" ಎಂದವಳು ನಾಲಿಗೆ ಕಚ್ಚಿಕೊಂಡಳು.

"ಯಾವ ಇಸ್ತ್ರಿ ಪೆಟ್ಟಿಗೆ?"

"…ನಿಮ್ಮವೇ."

"ಓಹೋ! ನನ್ನ ಮೇಜಿನ ಬಟ್ಟೆ ಮೇಲೆಲ್ಲ ಗೀರು ಬೀಳ್ತಾ ಇದ್ದದ್ದು ಇದಕ್ಕಾ?" ದೊರೆಸಾನಿಯ ತುಟಿಯ ತುದಿ ನಡುಗಿತು. ನಗು ತಡೆಯುತ್ತಿದ್ದಳು. "ಸರಿ. ಮೂವರಾದ್ರು. ನಾಲ್ಕನೇದು?"

 ಸೂರ್ಯ ಅರ್ಧ ಮುಳುಗಿದ. ನೃತ್ಯದ ಹಜಾರದ ಕಿಟಕಿಗಳಲ್ಲಿ ಸೈನಿಕರ ಮುಖಗಳು ಅಂಟಿಕೊಂಡಿದ್ದವು.

"ನಾಲ್ಕನೇದು ನಾನು" ಎಂದಳು ಲೇಡಿ ಯೂಫೀಮಿಯಾ.

ಗಾಲ್ಡನ ಪೈಪು ಬಾಯಿಂದ ಜಾರಿ ಮೆಟ್ಟಿಲ ಮೇಲೆ ಎರಡು ತುಂಡಾಯಿತು.

ಮಾರನೆಯ ಬೆಳಿಗ್ಗೆ ಎರಡೂ ಎಸ್ಟೇಟುಗಳು ಕೆರೆಯ ದಂಡೆಯಲ್ಲಿದ್ದವು! ಆಸ್ಪತ್ರೆಯ ನೀಲಿ ಅಂಗಿಯ ಗಾಯಾಳು ಸೈನಿಕರು ಊರುಗೋಲು, ಬಕೆಟು, ತಟ್ಟೆ, ಸದ್ದು ಮಾಡುವ ಏನು ಸಿಕ್ಕಿದರೂ ತಂದಿದ್ದರು. ಗ್ರಿಜೆಲ್ ತನ್ನ ದಪ್ಪ ಸೊಂಟಕ್ಕೆ ಶಾಲು ಬಿಗಿದು ಬಂದಳು. ಇಶ್‌ಬೆಲ್ ಬೂಟಿನ ಮೇಲೆ ಗಂಡನ ಹಳೆಯ ಕಾಲುಚೀಲ ಎಳೆದುಕೊಂಡಿದ್ದಳು, ಜಾರಬಾರದೆಂದು. ದೊರೆಸಾನಿ ಸತ್ತ ಗಂಡನ ಟೊಪ್ಪಿಗೆ ಹಾಕಿದ್ದಳು. ಬೇಥಿಯಾ ವಾಟ್‌ನ ಎರಡು ಕಲ್ಲುಗಳನ್ನು ಮಕ್ಕಳ ಜಾರುಬಂಡಿಯಲ್ಲಿ ಎಳೆದು ತಂದಳು. ನೀಲಿ ಗ್ರಾನೈಟ್, ಮೇಲೆ ಹಿಡಿಕೆ, ಬುಡ ಕನ್ನಡಿಯಂತೆ ನಯ.

ಕಾರಿನ್‌ಡೇಲಿನ ಪಾದ್ರಿ ಪದ್ಧತಿಯಂತೆ ಕೊಂಬಿನಲ್ಲಿ ವಿಸ್ಕಿ ತುಂಬಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟು, ಗಟ್ಟಿಯಾಗಿ ಹೇಳಿದ: "ಈ ಮಂಜುಗಡ್ಡೆ ಮೇಲೆ ದೊರೆಯೂ ಇಲ್ಲ, ಆಳೂ ಇಲ್ಲ. ಮುಂದಾಳು ಹೇಳಿದ್ದೇ ಮಾತು."

"ಕೇಳ್ತಾ, ಬೇಥಿಯಾ? ಇವತ್ತು ನಾನು ಬರೀ ಯೂಫೀಮಿಯಾ" ಎಂದಳು ದೊರೆಸಾನಿ.

"ಆಗ್ಲಿ ದೊರೆಸಾನಿಯೋರೆ" ಎಂದಳು ಬೇಥಿಯಾ.

ಇಶ್‌ಬೆಲ್‌ಳ ಮೊದಲ ಕಲ್ಲು ವೃತ್ತಕ್ಕಿಂತ ತುಂಬ ಮುಂಚೆಯೇ, ಅಡ್ಡಗೆರೆಯ ಈಚೆಗೇ ಸತ್ತು ನಿಂತಿತು. ಅಂಥ ಕಲ್ಲಿಗೆ ಅಲ್ಲಿಯವರು ಹಂದಿ ಎನ್ನುತ್ತಾರೆ, ಎತ್ತಿ ಹೊರಗಿಡುತ್ತಾರೆ. "ಹಂದಿ! ಹಂದಿ! ರಾತ್ರಿ ಊಟಕ್ಕಾಯ್ತು ಬಿಡ್ರೋ!" ಎಂದು ಗಾಲ್ಡ್ ಕುಣಿದ. "ನಿನ್ನ ತೂಕಕ್ಕೆ ಒಂದು ಹಂದಿ ಸಾಲಲ್ಲ ಪೀಟರ್!" ಎಂದು ಗ್ರಿಜೆಲ್ ಕೂಗಿದಳು. ಸೈನಿಕರು ಬಕೆಟು ಬಡಿದರು. ಆಟ ಕಾವೇರಿತು. ಒಬ್ಬರು ಕಲ್ಲು ಜಾರಿಸುವುದು, ಇಬ್ಬರು ಅದರ ಮುಂದೆ ಪೊರಕೆಯಿಂದ ಉಜ್ಜುತ್ತ ಓಡುವುದು. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ. ಎಷ್ಟು ಉಜ್ಜಬೇಕು, ಯಾವಾಗ ಬಿಡಬೇಕು ಎಂದು ವೃತ್ತದಲ್ಲಿ ನಿಂತ ಮುಂದಾಳು ಕೂಗಿ ಹೇಳಬೇಕು. ಸುತ್ತು ಮುಗಿದಾಗ ನಟ್ಟನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ.

ಬೇಥಿಯಾಳ ಕಣ್ಣು ಚೆನ್ನಾಗಿಯೇ ಓದುತ್ತಿತ್ತು, ಕೂಗುವುದೇ ಕಷ್ಟವಾಗಿತ್ತು. ಇಶ್‌ಬೆಲ್‌ಗಾದರೆ "ಉಜ್ಜೇ!" ಎನ್ನುತ್ತಿದ್ದಳು. ದೊರೆಸಾನಿ ಹತ್ತಿರ ಬಂದರೆ ದನಿ ತಗ್ಗಿಸುತ್ತಿದ್ದಳು. "ಸ್ವಲ್ಪ… ಉಜ್ಜೋದಾದ್ರೆ…" ಎನ್ನುವಷ್ಟರಲ್ಲಿ ಕಲ್ಲು ನಿಂತಿರುತ್ತಿತ್ತು. ಆದರೂ ಹೇಗೋ ಸಮಸಮ ಸಾಗಿತು. ಮಧ್ಯದ ಒಂದು ಸುತ್ತಿನಲ್ಲಿ ಅವಳದೇ ತಂಡದ ಕಲ್ಲೊಂದು ನಡುವಿನಲ್ಲಿ ರಾಜನಂತೆ ಕುಳಿತಿತ್ತು. ಗ್ರಿಜೆಲ್ ಎರಡನೆಯ ಕಲ್ಲನ್ನು ಕಳಿಸಿದಳು. ಒಳ್ಳೆಯ ಕಲ್ಲು, ನೇರ ಬರುತ್ತಿದೆ. ದೊರೆಸಾನಿ ಅದರ ಮುಂದೆ ಉಜ್ಜುತ್ತ, ಬಗ್ಗಿಕೊಂಡು, ಬೂಟು ಸದ್ದು ಮಾಡುತ್ತ ಸೀದಾ ಬೇಥಿಯಾಳ ಕಡೆಗೇ ಓಡಿ ಬಂದಳು.

ಆ ಬೂಟಿನ ಸದ್ದು! ಬೇಥಿಯಾಳಿಗೆ ಮಂಜುಗಡ್ಡೆ ಮರೆತುಹೋಯಿತು, ಆಟ ಮರೆತುಹೋಯಿತು. ಚಟ್ಟನೆ ಪಕ್ಕಕ್ಕೆ ಸರಿದು, ಇಲ್ಲದ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಕೆಳಗೆ ಮಾಡಿ ನಿಂತುಬಿಟ್ಟಳು. ಸರಿಯುವಾಗ ಹಿಮ್ಮಡಿ ತಮ್ಮ ಕಲ್ಲಿಗೇ ತಗುಲಿತು. ಕಾಲು ತಗುಲಿದ ಕಲ್ಲನ್ನು ಆಟದಿಂದ ತೆಗೆಯಬೇಕು. ಬಿಡು ಎನ್ನುವವರಿಲ್ಲದೆ ದೊರೆಸಾನಿ ಉಜ್ಜುತ್ತಲೇ ಹೋದಳು, ಗ್ರಿಜೆಲ್‌ಳ ಕಲ್ಲೂ ವೃತ್ತ ದಾಟಿ ಹಿಂದಿನ ಹಿಮದ ರಾಶಿಗೆ ನುಗ್ಗಿತು. ಎರಡೂ ಹೋದವು. ಕಾರಿನ್‌ಡೇಲಿಗೆ ಒಂದೇ ಸುತ್ತಿನಲ್ಲಿ ಮೂರು ಅಂಕ.

 ದಂಡೆಯಲ್ಲಿ ನಗು ಸಿಡಿಯಿತು. "ಗೋಡೆ ಸಿಕ್ತಾ ಬೇಥಿ? ತಂದ್ಕೊಡ್ಲಾ ಒಂದು?" ಎಂದ ಗಾಲ್ಡ್.

ಬೇಥಿಯಾಳ ಮುಖ ಬೆಂಕಿಯಾಯಿತು. ಬಯಲು ಕಣ್ಣೆದುರೇ ಜಾರಿಹೋಗುತ್ತಿತ್ತು. ದೊರೆಸಾನಿ ಏದುಸಿರು ಬಿಡುತ್ತ ಹತ್ತಿರ ಬಂದಳು. "ನಾನು ಬಂದ ತಕ್ಷಣ ಯಾಕೆ ಹಾಗೆ ನಿಂತ್ಬಿಟ್ಟೆ?"

"ಅಭ್ಯಾಸ, ದೊರೆಸಾನಿಯೋರೆ."

"ಯಾರು ಮಾಡಿಸಿದ ಅಭ್ಯಾಸ?"

ಬೇಥಿಯಾ ಇಶ್‌ಬೆಲ್‌ಳನ್ನು ನೋಡಿದಳು. ಇಶ್‌ಬೆಲ್ ಆಕಾಶ ನೋಡಿದಳು. "ನಿಮ್ಮನೇದೇ" ಎಂದಳು ಬೇಥಿಯಾ.

ದೊರೆಸಾನಿ ಟೊಪ್ಪಿಗೆ ತೆಗೆದು ಹಣೆಯ ಬೆವರು ಒರೆಸಿಕೊಂಡಳು. ನೆರೆತ ಕೂದಲೆಲ್ಲ ಕೆದರಿತ್ತು. "ಹಾಗಾದ್ರೆ ಆ ಮನೆಯೋಳೇ ಹೇಳ್ತಿದೀನಿ, ಕೇಳು. ನನ್ನ ನೋಡ್ಬೇಡ, ಕಲ್ಲು ನೋಡು. ಬೈಯೋ ಹಾಗಾದ್ರೆ ಬೈಯಿ."

"ಬೈಯ್ಯಮ್ಮ, ದಮ್ಮಯ್ಯ ಬೈಯಿ!" ಗ್ರಿಜೆಲ್ ದೂರದಿಂದಲೇ ಕೂಗಿದಳು. "ಇಪ್ಪತ್ತು ವರ್ಷದಿಂದ ಯಾರಾದ್ರೂ ಇವ್ರನ್ನ ಬೈಲಿ ಅಂತ ಕಾಯ್ತಾ ಇದೀನಿ!"

"ಗ್ರಿಜೆಲ್, ನಿನ್ನ ಸೂಪಿನ ವಿಷಯ ನಾಳೆ ಮಾತಾಡೋಣ" ಎಂದಳು ದೊರೆಸಾನಿ ತಿರುಗದೆಯೇ.

ನಗು ಬಂದುಬಿಟ್ಟಿತು ಬೇಥಿಯಾಳಿಗೆ. ನಕ್ಕ ಮೇಲೆ ಕೂಗು ಸ್ವಲ್ಪ ಗಟ್ಟಿಯಾಯಿತು. ಮುಂದಿನ ಸುತ್ತಿನಲ್ಲಿ ಒಂದು ಅಂಕ ಬಂತು. ಅದರ ಮುಂದಿನದರಲ್ಲಿ ಎರಡು. ಗಾಲ್ಡ್ ನಗುವುದು ನಿಲ್ಲಿಸಿ ಕೈಗವಸು ತೆಗೆದು ಆಡತೊಡಗಿದ. ಇಶ್‌ಬೆಲ್ ಈಗ ಹಂದಿ ಹೊಡೆಯಲಿಲ್ಲ, ಗ್ರಿಜೆಲ್‌ಳ ಕಲ್ಲೊಂದು ಎದುರಾಳಿಯ ಎರಡು ಕಲ್ಲುಗಳನ್ನು ಠಕ್ ಠಕ್ ಎಂದು ಚದುರಿಸಿದಾಗ ಸೈನಿಕನೊಬ್ಬ ಊರುಗೋಲು ಮರೆತು ನಾಲ್ಕು ಹೆಜ್ಜೆ ಓಡಿ ಬಿದ್ದ. ಬಿದ್ದಲ್ಲಿಂದಲೇ ಚಪ್ಪಾಳೆ ಹೊಡೆದ! ಟಾರ್ವನಾಕ್ ಒಂದು ಅಂಕ ಮುಂದೆ ಹೋಯಿತು. ಗಾಲ್ಡ್ ಹಲ್ಲು ಕಚ್ಚಿ ಸಮ ಮಾಡಿದ. ಕೊನೆಯ ಸುತ್ತು ಬಂತು.

ಆ ಸುತ್ತಿನಲ್ಲಿ ಗಾಲ್ಡನ ಕಲ್ಲು ನಡುವಿಗೆ ಒಂದು ಗೇಣು ದೂರದಲ್ಲಿ ಕುಳಿತಿತು. ಅದರ ಮುಂದೆ ಪಾದ್ರಿಯ ಕಲ್ಲು ಬಾಗಿಲು ಕಾಯುವವನಂತೆ ಅಡ್ಡ ನಿಂತಿತು. ಇನ್ನು ಉಳಿದದ್ದು ಒಂದೇ ಕಲ್ಲು, ಬೇಥಿಯಾಳದು. ಅವಳು ಜಾರಿಸುವ ಕೊನೆಗೆ ನಡೆದಳು. ವೃತ್ತದಲ್ಲಿ ಅವಳ ಬದಲಿಗೆ ಗ್ರಿಜೆಲ್ ನಿಂತು ಪೊರಕೆಯನ್ನು ಗುರಿಯಾಗಿ ಹಿಡಿದಳು. ಕಾವಲುಗಲ್ಲಿನ ಎಡಕ್ಕೆ ಹೋಗಿ, ಕೊನೆಯ ಹೊತ್ತಿಗೆ ಬಾಗಿ ಒಳಗೆ ಸರಿಯಬೇಕು. ಬೇರೆ ದಾರಿಯಿಲ್ಲ.

ಬೇಥಿಯಾ ಕೈಗವಸು ಬಿಚ್ಚಿ ಹಿಡಿಕೆ ಹಿಡಿದಳು. ಚರ್ಮ ಅಂಟುವಷ್ಟು ತಣ್ಣಗಿತ್ತು. ಹಿಂದಕ್ಕೆ ಬೀಸಿ, ಮುಂದಕ್ಕೆ ಬಗ್ಗಿ, ಬಿಟ್ಟಳು.

ಬಿಟ್ಟ ಗಳಿಗೆಯಲ್ಲೇ ತಿಳಿಯಿತು. ದಾರಿ ಸರಿ, ಬಲ ಕಡಿಮೆ. ಹಂದಿಯಾಗುತ್ತದೆ! ಆ ಕಡೆ ಗ್ರಿಜೆಲ್‌ಗೆ ಅದು ಕಾಣುತ್ತಿಲ್ಲ. ದೊರೆಸಾನಿಯೂ ಇಶ್‌ಬೆಲ್ಲೂ ಅಪ್ಪಣೆಗಾಗಿ ಪೊರಕೆ ಎತ್ತಿ ಹಿಡಿದಿದ್ದಾರೆ. ಬೇಥಿಯಾ ಜಾರುತ್ತ ಎಡವುತ್ತ ಕಲ್ಲಿನ ಹಿಂದೆಯೇ ಓಡಿದಳು. ಬಾಯಿ ತೆರೆದಳು. ಬಂದ ದನಿ ಹೊಳೆಯ ಆಚೆ ದಂಡೆಗೂ ಕೇಳಿಸಿತಂತೆ.

"ಉಜ್ಜೇ! ಉಜ್ಜೇ ಯೂಫೀಮಿಯಾ! ಬೆನ್ನು ಬಗ್ಸೇ! ಬೆಳ್ಳಿ ಚಮಚ ಒರೆಸೋ ಹಾಗಲ್ವೇ, ತಳ ಹತ್ತಿದ ಪಾತ್ರೆ ತಿಕ್ಕೋ ಹಾಗೆ! ಇನ್ನೂ! ಇನ್ನೂ! ಸಾಯ್ತಾ ಇದೆ ಕಣೇ, ಉಸಿರು ಆಮೇಲೆ ತಗೊಳ್ಳೇ!"

ಲೇಡಿ ಯೂಫೀಮಿಯಾ ಉಜ್ಜಿದಳು. ಟೊಪ್ಪಿಗೆ ಹಾರಿಹೋಯಿತು, ಬಿಟ್ಟಳು. ಮೊಣಕಾಲು ಊರಿತು, ಎದ್ದಳು. ಪೊರಕೆಯ ಕಡ್ಡಿಗಳು ಚೆಲ್ಲಾಪಿಲ್ಲಿಯಾಗಿ ಹಾರಿದವು. ಕಲ್ಲು ಅಡ್ಡಗೆರೆಯನ್ನು ತೆವಳಿ ದಾಟಿತು. ಕಾವಲುಗಲ್ಲಿನ ಪಕ್ಕೆಯನ್ನು ಸವರಿಕೊಂಡಂತೆ ಮುಂದೆ ಹೋಯಿತು.

"ಬಿಡು! ಬಿಟ್ಬಿಡು! ಪೊರಕೆ ಎತ್ತು!"

ಇಬ್ಬರೂ ಪೊರಕೆ ಎತ್ತಿ ನಿಂತರು. ಕಲ್ಲು ತನ್ನಷ್ಟಕ್ಕೆ ಬಾಗಿತು, ಆಲೋಚನೆ ಮಾಡುವಂತೆ ನಿಧಾನಿಸಿತು, ನಿಂತಿತು. ಬರಿಗಣ್ಣಿಗೆ ಎರಡು ಕಲ್ಲೂ ಒಂದೇ ದೂರ.

ಪಾದ್ರಿ ಬೆನ್ನು ಹಿಡಿದುಕೊಂಡು ಮೊಣಕಾಲೂರಿದ. ಪೊರಕೆಯ ಕಡ್ಡಿಯೊಂದನ್ನು ಮುರಿದು ಗಾಲ್ಡನ ಕಲ್ಲಿಗೂ ನಡುವಿಗೂ ಇಟ್ಟು ಅಳೆದ. ಅದೇ ಕಡ್ಡಿಯನ್ನು ಬೇಥಿಯಾಳ ಕಲ್ಲಿಗೆ ಇಟ್ಟ. ಅಷ್ಟು ಜಾಗವೇ ಇರಲಿಲ್ಲ, ಕಡ್ಡಿ ಬಾಗಿತು. ಇನ್ನೊಮ್ಮೆ ಇಟ್ಟ, ಇನ್ನೊಮ್ಮೆ ಬಾಗಿತು. ಅವನು ತನ್ನ ಮುಂದಾಳಿನ ಮುಖವನ್ನು ನೋಡಿ, ಉಸಿರು ಬಿಟ್ಟು ಹೇಳಿದ: "ಟಾರ್ವನಾಕ್."

ಬಕೆಟು, ತಟ್ಟೆ, ಊರುಗೋಲು, ಗಂಟಲು, ಎಲ್ಲ ಒಟ್ಟಿಗೆ! ಗ್ರಿಜೆಲ್ ಗಾಲ್ಡನನ್ನೇ ಹಿಡಿದು ಎರಡು ಸುತ್ತು ಕುಣಿಸಿದಳು. ಅವನು ಬೇಡ ಬೇಡವೆನ್ನುತ್ತಲೇ ಕುಣಿದ. ಇಶ್‌ಬೆಲ್ ಕುಳಿತಲ್ಲೇ ಅತ್ತಳು. ಬೇಥಿಯಾ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ತಾನು ಏನೇನು ಕೂಗಿದೆನೆಂಬುದು ಆಗ ನೆನಪಾಗತೊಡಗಿತ್ತು.

"ದೊರೆಸಾನಿಯೋರೆ, ನಾನು… ಪಾತ್ರೆ ಅಂತ ಏನೋ…"

"ತಳ ಹತ್ತಿದ ಪಾತ್ರೆ" ಎಂದು ಲೇಡಿ ಯೂಫೀಮಿಯಾ ನೆನಪಿಸಿದಳು. ನಿಲ್ಲಲೂ ಆಗದೆ ಪೊರಕೆಗೆ ಒರಗಿದ್ದಳು. "ಜೀವಮಾನದಲ್ಲಿ ಒಂದೂ ತಿಕ್ಕಿಲ್ಲ ಕಣೇ ನಾನು. ಚೆನ್ನಾಗಿ ತಿಕ್ಕಿದ್ನಾ?"

"ಪರವಾಗಿಲ್ಲ" ಎಂದಳು ಬೇಥಿಯಾ, ಮುಂದಾಳಿನ ದನಿಯಲ್ಲೇ.

ಆ ರಾತ್ರಿಯ ಊಟಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಗೋಮಾಂಸ, ಕೇಲ್ ಸೊಪ್ಪು. ಗೆದ್ದ ಮುಂದಾಳು ಮೇಜಿನ ತಲೆಗೆ ಕೂರಬೇಕು, ಸೋತ ಮುಂದಾಳು ಬಡಿಸಬೇಕು. ಗಾಲ್ಡ್ ಅವಳ ತಟ್ಟೆಗೆ ಮಾಂಸ ಹಾಕುತ್ತ, "ಇನ್ನೊಂದು ತುಂಡು ಹಾಕ್ಲಾ ತಾಯಿ? ಕೂಗೋದಕ್ಕೆ ಶಕ್ತಿ ಬೇಕಲ್ಲ" ಎಂದ. "ಎರಡು ಹಾಕು" ಎಂದಳು ಬೇಥಿಯಾ.

ಬೇಥಿಯಾ ಆಮೇಲೆಯೂ ಎಷ್ಟೋ ಚಳಿಗಾಲ ಮುಂದಾಳಾಗಿದ್ದಳು. ಕೆಲವು ಗೆದ್ದಳು, ಕೆಲವು ಸೋತಳು. ವಾಟ್ ಯುದ್ಧದಿಂದ ಒಂದು ಕಿವಿ ಕಳೆದುಕೊಂಡು ಬಂದು ಹೆಂಡತಿಯ ಕೈಕೆಳಗೆ ಪೊರಕೆ ಹಿಡಿದ. ಉಳಿದ ಒಂದೇ ಕಿವಿಗೂ ಅವಳ ಕೂಗು ಹೆಚ್ಚೇ ಆಗುತ್ತಿತ್ತಂತೆ. ಇನ್ನೊಂದು ಯುದ್ಧ ಮುಗಿದ ಮೇಲೆ, ತೆರಿಗೆ ಕಟ್ಟಲಾರದೆ, ಚಿಕ್ಕ ದೊರೆಯ ಮಗ ದೊಡ್ಡಮನೆಯ ಮಾಡನ್ನೇ ಕೀಳಿಸಿದ. ಮಾಡಿಲ್ಲದ ಮನೆಗೆ ತೆರಿಗೆಯಿಲ್ಲ. ಊಟದ ಕೋಣೆಯಲ್ಲಿ ಈಗ ಬರ್ಚ್ ಮರ ಬೆಳೆದಿದೆ. ಇದನ್ನೆಲ್ಲ ಕೇಳಿದರೆ ಟಾರ್ವನಾಕ್ ಜನ ಹೇಳುತ್ತಾರೆ, ಕೇಳದಿದ್ದರೆ ಇಲ್ಲ. ಅವರ ಕಥೆ ಆ ಮೊದಲ ಆಟ ಗೆದ್ದ ವರ್ಷದ ಮೇ ತಿಂಗಳಿಗೆ ಓಡಿಬಿಡುತ್ತದೆ.

ಚಳಿಗಾಲವೆಲ್ಲ ಕೊಟ್ಟಿಗೆಯ ಕತ್ತಲಲ್ಲಿ ಕಟ್ಟಿಹಾಕಿದ್ದ ಹಸುಗಳನ್ನು ತಂಟೆಬಯಲಿಗೆ ಬಿಡುವ ದಿನ ಅದು. ಹಗ್ಗ ಬಿಚ್ಚಿದ್ದೇ ತಡ, ಕ್ರಮ್ಮಿಗೆ ಹುಚ್ಚು ಹಿಡಿಯಿತು! ಹಿಂಗಾಲು ಆಕಾಶಕ್ಕೆ ಒದ್ದು, ಬಾಲ ಕಂಬದಂತೆ ನಿಲ್ಲಿಸಿ, ಹೊಳೆಗೆ ಧುಮುಕಿ, ನೀರು ಚಿಮ್ಮಿಸುತ್ತ ಆಚೆ ಏರಿತು. ಅದರ ಹಿಂದೆ ಉಳಿದ ಹಸುಗಳೂ ಕರುಗಳಂತೆ ಕುಪ್ಪಳಿಸಿದವು. ಬೇಥಿಯಾಳ ಎರಡು ಮಕ್ಕಳು ಖಾಲಿ ಹಾಲಿನ ಚೊಂಬು ಹಿಡಿದು ಕಿರುಚುತ್ತ ಓಡಿದರು. ಆಚೆ ದಂಡೆಯ ಬೇಲಿಯ ಮೇಲೆ ಗಾಲ್ಡ್ ಕುಳಿತಿದ್ದ, ಪಕ್ಕದಲ್ಲಿ ಅವನ ಹೆಂಡತಿ.

"ಕಣ್ತುಂಬಾ ನೋಡ್ಕೋ ಬೇಥಿ!" ಎಂದು ಆ ಹೆಂಗಸು ಕೂಗಿದಳು. "ಮುಂದಿನ ಸಲ ಈ ಗಂಡಸ್ರನ್ನ ನಂಬಲ್ಲ, ನಾವೇ ಬರ್ತೀವಿ!"

"ಬಾರೇ, ಬಾ!" ಎಂದು ಬೇಥಿಯಾ ಮೊಣಕಾಲಿನವರೆಗೆ ಹೊಳೆಗೆ ಇಳಿದು ಕೂಗಿದಳು. "ಮತ್ತೆ ಜೊಂಡೇ ಗತಿ ಅಂತ ನಿಮ್ಮ ಹಸುಗಳಿಗೆ ಈಗ್ಲೇ ಹೇಳಿಟ್ಟಿರು!"

ಕ್ರಮ್ಮಿ ಅಷ್ಟು ಹೊತ್ತಿಗೆ ಕುಣಿದು ಸಾಕಾಗಿ, ಮೂತಿಯನ್ನು ಕಣ್ಣಿನವರೆಗೆ ಹುಲ್ಲಿನಲ್ಲಿ ಹೂತು ಮೇಯತೊಡಗಿತ್ತು.